ಅಲೆಕ್ಸಾಂಡರ್ ನಿಕಿಟಿನ್ ಮತ್ತು ರಾಜ್ಯರಹಸ್ಯದ ವಿವಾದ

ನಿಕಿಟಿನ್ ಎಂಬ ಹೆಸರು ಕರ್ಣಾಟಕದ ಇತಿಹಾಸವನ್ನು ಓದಿದವರಿಗೆ ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ರಷ್ಯಾದ ತ್ವೇರ್ ಪಟ್ಟಣದಿಂದ ಹೊರಟು, ಬಹಮನೀ ಸುಲ್ತಾನರ ಬೀದರಿಗೆ ಬಂದು, ಕಂಡುದನ್ನು ಬರೆದಿಟ್ಟ ವರ್ತಕ ಅಫನಾಸಿ ನಿಕಿಟಿನನನ್ನು ನಮ್ಮ ಚರಿತ್ರಕಾರರು ಹಲವು ಸಲ ಉದಾಹರಿಸಿರುವರು. ಪ್ರಸ್ತುತ ಲೇಖನದ ವಿಷಯವು ಅವನಲ್ಲ. ಅದೇ ಹೆಸರಿನ, ನಮ್ಮ ಕಾಲದ ನೌಕಾಧಿಕಾರಿಯೊಬ್ಬರು. ಇವರೂ ತಾವು ಅರಿತುದನ್ನು ಬರೆದರು. ಆ ಬರಹವು ಅವರನ್ನು ದೇಶದ್ರೋಹದ ಆಪಾದನೆಗೆ ಗುರಿಮಾಡಿತು. ನೌಕಾಧಿಕಾರಿ, ಪರೀಕ್ಷಕ, ಅಣುಭದ್ರತೆಯ ವಿಮರ್ಶಕ, ರಾಜಕಾರಣಿ ಎಂದು ಅವರ ಜೀವಿತವನ್ನು ನಾಲ್ಕಾಗಿ ವಿಭಾಗಿಸಬಹುದು. ಆದರೆ ನಾಲ್ಕರಲ್ಲಿಯೂ ನಡೆದ ಕೆಲಸವು ಒಂದೇ ಎಂಬುದನ್ನೂ, ಕಡೆಗೆ ದೊರೆತ ಜಯವು ಆ ವ್ಯಕ್ತಿಗೆ ದೊರೆತಷ್ಟು ಭದ್ರವಾಗಿ ಅವರು ಹಿಡಿದ ತತ್ತ್ವಕ್ಕೆ ದೊರೆಯಲಿಲ್ಲವೆಂಬುದನ್ನೂ ಇಲ್ಲಿ ತೋರಿಸಲು ಯತ್ನಿಸಿದೆ.

೧

ಅಲೆಕ್ಸಾಂಡರ್ ನಿಕಿಟಿನರು ೧೯೫೨ರಲ್ಲಿ ಉಕ್ರೇನಿನಲ್ಲಿ ಜನಿಸಿದರು. ೧೯೭೪ರಿಂದ ೧೯೮೫ರವರೆಗೆ ಸೋವಿಯತ್ ಒಕ್ಕೂಟದ ಉತ್ತರ ನೌಕಾಪಡೆಯಲ್ಲಿ, ಅಣುಶಕ್ತಿಯಿಂದ ನಡೆಯುವ ಜಲಾಂತರ್ಗಾಮಿ ನೌಕೆಗಳ ಎಂಜಿನಿಯರಾಗಿ ಸೇವೆಸಲ್ಲಿಸಿದರು. ೧೯೮೭ರಿಂದ ೧೯೯೨ರವರೆಗೆ ರಕ್ಷಣಾ ಸಚಿವಶಾಖೆಯ ಅಣುಭದ್ರತಾ ಪರೀಕ್ಷಣ ವಿಭಾಗದಲ್ಲಿ ಹಿರಿಯ ಪರೀಕ್ಷಕರಾಗಿದ್ದು, ಪ್ರಥಮ ಶ್ರೇಣಿಯ ಕ್ಯಾಪ್ಟನ್ ಪದವಿಯಲ್ಲಿ ನಿವೃತ್ತರಾದರು. ನೌಕೆಯ ರಿಯಾಕ್ಟರು ಎಲ್ಲಿ ಕೆಡುವುದು, ಬಳಸಿದ ಇಂಧನವು ಎಲ್ಲಿ ಸೋರುವುದು, ಅಪಘಾತಕ್ಕೆ ಕಾರಣವೇನು—ಇವನ್ನು ಹುಡುಕಿ ಮೇಲಧಿಕಾರಿಗಳಿಗೆ ವರದಿಮಾಡುವುದೇ ಪರೀಕ್ಷಕನ ಧರ್ಮ.

ವರದಿಗೆ ವಿಷಯಗಳು ಕಡಮೆಯಾಗಿರಲಿಲ್ಲ. ೧೯೬೮ರಲ್ಲಿ ಕೆ-೨೭ ಎಂಬ ನೌಕೆಯ ರಿಯಾಕ್ಟರು ಕೆಟ್ಟು ಒಂಬತ್ತು ಮಂದಿ ಸತ್ತರು. ೧೯೮೨ರಲ್ಲಿ ಆ ನೌಕೆಯನ್ನು ರಿಯಾಕ್ಟರು ಸಮೇತವಾಗಿ ನೊವಾಯ ಜೆಮ್ಲ್ಯ ದ್ವೀಪದ ಬಳಿ, ಸುಮಾರು ಮೂವತ್ತು ಮೀಟರು ಮಾತ್ರ ಆಳವಿರುವ ನೀರಿನಲ್ಲಿ ಮುಳುಗಿಸಲಾಯಿತು. ಅದೇ ೧೯೮೨ರಲ್ಲಿ ನಾರ್ವೆಯ ಗಡಿಗೆ ಸಮೀಪವಾದ ಆಂದ್ರೇಯೆವ ಕೊಲ್ಲಿಯ ಇಂಧನಕೊಳವು ಸೋರತೊಡಗಿತು. ೧೯೮೫ರ ಆಗಸ್ಟಿನಲ್ಲಿ ಪೂರ್ವ ಸಮುದ್ರತೀರದ ಚಾಜ್ಮ ಕೊಲ್ಲಿಯಲ್ಲಿ, ಇಂಧನ ಬದಲಾಯಿಸುವಾಗ ರಿಯಾಕ್ಟರು ಸಿಡಿದು ಹತ್ತು ಮಂದಿ ಮಡಿದರು. ೧೯೮೯ರ ಏಪ್ರಿಲಿನಲ್ಲಿ ಕೊಮ್ಸೊಮೊಲೆತ್ಸ್ ನೌಕೆಯು ನಾರ್ವೆಯ ಸಮುದ್ರದಲ್ಲಿ ಮುಳುಗಿ ೪೨ ಮಂದಿ ಪ್ರಾಣಬಿಟ್ಟರು. ಇವುಗಳಲ್ಲಿ ಹೆಚ್ಚಿನವು ಸಂಭವಿಸಿದ ಕಾಲದಲ್ಲಿ ಪ್ರಜೆಗಳಿಗೆ ತಿಳಿಯಲಿಲ್ಲ. ಒಕ್ಕೂಟವು ಒಡೆದ ಬಳಿಕ, ೧೯೯೩ರಲ್ಲಿ, ಜೀವಶಾಸ್ತ್ರಜ್ಞ ಅಲೆಕ್ಸೇಯ್ ಯಾಬ್ಲೊಕೊವ್ ಅವರ ನೇತೃತ್ವದಲ್ಲಿ ಸರಕಾರವೇ ಸಮುದ್ರಕ್ಕೆ ಸುರಿದ ವಿಕಿರಣಶೀಲ ಕಶ್ಮಲದ ಲೆಕ್ಕವನ್ನು ಪ್ರಕಟಿಸಿತು.

೨

ನಿವೃತ್ತರಾದ ನಿಕಿಟಿನರು ಬೆಲ್ಲೋನ ಎಂಬ ಸಂಸ್ಥೆಯೊಡನೆ ಕೂಡಿದರು. ೧೯೮೬ರಲ್ಲಿ ನಾರ್ವೆಯ ಓಸ್ಲೋ ನಗರದಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಪರಿಸರರಕ್ಷಣೆಗಾಗಿ ದುಡಿಯುತ್ತಿದ್ದಿತು. ಉತ್ತರ ನೌಕಾಪಡೆಯ ವಿಕಿರಣಮಾಲಿನ್ಯದ ಮೂಲಗಳನ್ನು ಕುರಿತ ಅದರ ಗ್ರಂಥಕ್ಕೆ ಥೋಮಾಸ್ ನಿಲ್ಸೆನ್, ಈಗೊರ್ ಕುದ್ರಿಕ್ ಎಂಬವರೊಡನೆ ನಿಕಿಟಿನರೂ ಕರ್ತೃಗಳು. ಗ್ರಂಥವು ಇನ್ನೂ ಸಿದ್ಧವಾಗುತ್ತಿದ್ದಾಗಲೇ, ೧೯೯೫ರ ಅಕ್ಟೋಬರಿನಲ್ಲಿ, ಎಫ್. ಎಸ್. ಬಿ. ಎಂಬ ರಾಜ್ಯಭದ್ರತಾ ಇಲಾಖೆಯವರು ಮೂರ್ಮನ್ಸ್ಕಿನ ಬೆಲ್ಲೋನ ಕಚೇರಿಯನ್ನು ಶೋಧಿಸಿದರು. ೧೯೯೬ರ ಫೆಬ್ರವರಿ ೬ರಂದು ನಿಕಿಟಿನರನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಬಂಧಿಸಿದರು. ಗೂಢಚರ್ಯೆಯ ಮೂಲಕ ದೇಶದ್ರೋಹವೆಸಗಿದರೆಂಬುದು ಆಪಾದನೆ. ಅವರು ಸೆರೆಯಲ್ಲಿದ್ದಾಗಲೇ, ಅದೇ ವರ್ಷದ ಆಗಸ್ಟಿನಲ್ಲಿ, ಗ್ರಂಥವು ಪ್ರಕಟವಾಯಿತು.

ಮೊದಲನೆಯ ವಾದವು ವಕೀಲರನ್ನು ಕುರಿತುದು. ರಾಜ್ಯರಹಸ್ಯದ ಮೊಕದ್ದಮೆಯಾದುದರಿಂದ ಇಲಾಖೆಯ ಒಪ್ಪಿಗೆ ಪಡೆದ ವಕೀಲರೇ ಇರಬೇಕೆಂದು ತನಿಖೆಯವರು ಹಟಹಿಡಿದರು. ನಿಕಿಟಿನರೂ ಅದೇ ಸ್ಥಿತಿಯಲ್ಲಿದ್ದ ಇತರರೂ ರಾಜ್ಯಾಂಗ ನ್ಯಾಯಸ್ಥಾನಕ್ಕೆ ದೂರಿತ್ತರು. ಆಪಾದಿತನು ತನ್ನ ವಕೀಲನನ್ನು ತಾನೇ ಆರಿಸಿಕೊಳ್ಳಬಹುದೆಂದು ೧೯೯೬ರ ಮಾರ್ಚ್ ೨೭ರಂದು ತೀರ್ಪಾಯಿತು. ಯೂರಿ ಶ್ಮಿತ್ತರು ಅವರ ಪರವಾಗಿ ನಿಂತರು. ಹತ್ತು ತಿಂಗಳ ಸೆರೆಯ ತರುವಾಯ, ಡಿಸೆಂಬರ್ ೧೪ರಂದು, ನಿಕಿಟಿನರಿಗೆ ಬಿಡುಗಡೆಯಾಯಿತು. ಮೊಕದ್ದಮೆಯು ಮಾತ್ರ ಮುಗಿಯಲಿಲ್ಲ.

೩

ಸಾಹಿತ್ಯವನ್ನು ಅಭ್ಯಾಸಮಾಡುವವರಿಗೆ ಈ ವ್ಯವಹಾರದಲ್ಲಿ ವಿಶೇಷವಾದ ಆಸಕ್ತಿಯುಂಟು. ಏಕೆಂದರೆ ಇದು ಮುಖ್ಯವಾಗಿ ಒಂದು ಗ್ರಂಥದ ಆಕರಶೋಧನೆ. ಗ್ರಂಥದ ಇಂಥ ಮಾತುಗಳು ರಾಜ್ಯರಹಸ್ಯವೆಂದು ಇಲಾಖೆಯು ವಾದಿಸಿತು; ಅವು ಮೊದಲೇ ಅಚ್ಚಾದ ಗ್ರಂಥಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಇರುವುವೆಂದು ಪ್ರತಿವಾದಿಗಳು ಆಕರಗಳನ್ನೆತ್ತಿ ತೋರಿಸಿದರು. ಆದರೆ ಇದಕ್ಕಿಂತ ಆಳವಾದ ಪ್ರಶ್ನೆಯೊಂದಿದ್ದಿತು. ಯಾವುದು ರಹಸ್ಯವೆಂದು ನಿರ್ಣಯಿಸುವ ರಕ್ಷಣಾ ಸಚಿವಶಾಖೆಯ ಆಜ್ಞೆಗಳೇ ರಹಸ್ಯವಾಗಿದ್ದುವು. ಅವುಗಳಲ್ಲಿ ಒಂದು ಆಪಾದಿತ ಕೃತ್ಯವಾದ ಮೇಲೆ ಹುಟ್ಟಿದುದು. ತಾನು ಓದಲಾಗದ ಕಟ್ಟಳೆಯನ್ನು ಪ್ರಜೆಯು ಮೀರಿದನೆಂದು ಹೇಳುವುದು ಹೇಗೆ?

ಸರಕಾರದ ಪಕ್ಷವನ್ನು ಬರಿಯ ಹಟವೆಂದು ತಳ್ಳಿಬಿಡುವುದು ನ್ಯಾಯವಾಗದು. ನಿಕಿಟಿನರು ಪ್ರಮಾಣವಚನವಿತ್ತಿದ್ದ ಅಧಿಕಾರಿ. ಬರೆದುದು ನ್ಯಾಟೋ ಕೂಟಕ್ಕೆ ಸೇರಿದ ದೇಶದ ಸಂಸ್ಥೆಗಾಗಿ. ಅಣುನೌಕೆಯ ರಹಸ್ಯವನ್ನು ಯಾವ ರಾಜ್ಯವೂ ಬಿಟ್ಟುಕೊಡದು. ಆದರೆ ಇದಕ್ಕೆ ಉತ್ತರವನ್ನು ರಷ್ಯಾದ ಶಾಸನವೇ ಕೊಟ್ಟಿದ್ದಿತು. ೧೯೯೩ರ ರಾಜ್ಯಾಂಗದ ಹದಿನೈದನೆಯ ವಿಧಿಯಂತೆ, ಪ್ರಜೆಗಳ ಹಕ್ಕುಬಾಧ್ಯತೆಗಳನ್ನು ಮುಟ್ಟುವ ಕಟ್ಟಳೆಯು ಪ್ರಕಟವಾಗದಿದ್ದರೆ ಅದು ಅನ್ವಯಿಸದು. ನಲವತ್ತೆರಡನೆಯ ವಿಧಿಯಂತೆ, ಪರಿಸರದ ಸ್ಥಿತಿಯನ್ನು ಕುರಿತ ನಂಬಲರ್ಹವಾದ ತಿಳಿವಳಿಕೆಯು ಪ್ರತಿಯೊಬ್ಬನ ಹಕ್ಕು. ಅದೇ ವರ್ಷದ ರಾಜ್ಯರಹಸ್ಯ ಕಾಯಿದೆಯ ಏಳನೆಯ ವಿಧಿಯು ಪರಿಸರದ ಸ್ಥಿತಿಯನ್ನೂ, ಜನರಿಗೆ ಅಪಾಯತರುವ ದುರಂತಗಳನ್ನೂ ರಹಸ್ಯವೆಂದು ಮುಚ್ಚಕೂಡದೆಂದು ಸ್ಪಷ್ಟವಾಗಿ ಹೇಳುವುದು.

೧೯೯೮ರ ಅಕ್ಟೋಬರಿನಲ್ಲಿ ಪೀಟರ್ಸ್‌ಬರ್ಗಿನ ನಗರ ನ್ಯಾಯಸ್ಥಾನದಲ್ಲಿ ನ್ಯಾಯಾಧೀಶ ಸೆರ್ಗೇಯ್ ಗೊಲೆತ್ಸರು ವಿಚಾರಣೆ ನಡೆಸಿದರು. ಆಪಾದನೆಯು ಅಸ್ಪಷ್ಟವೆಂದು ಮೊದಲು ಅದನ್ನು ಮರುತನಿಖೆಗೆ ಹಿಂದಕ್ಕೆ ಕಳುಹಿಸಿದರು. ೧೯೯೯ರ ಡಿಸೆಂಬರ್ ೨೯ರಂದು ನಿಕಿಟಿನರನ್ನು ನಿರ್ದೋಷಿಯೆಂದು ಸಾರಿದರು. ರಹಸ್ಯವಾದ, ಹಿಂದಿನ ಕಾಲಕ್ಕೆ ಅನ್ವಯಿಸಿದ ಆಜ್ಞೆಗಳ ಮೇಲೆ ಆಪಾದನೆಯನ್ನು ಕಟ್ಟಲಾಗದೆಂಬುದೇ ತೀರ್ಪಿನ ತಿರುಳು. ಎರಡು ದಿನಗಳ ಮೇಲೆ, ಕೆಲವು ತಿಂಗಳ ಹಿಂದಿನವರೆಗೆ ಎಫ್. ಎಸ್. ಬಿ. ಯ ಮುಖ್ಯಸ್ಥರಾಗಿದ್ದ ವ್ಲಾದಿಮಿರ್ ಪುಟಿನ್ ಅವರು ಹಂಗಾಮಿ ರಾಷ್ಟ್ರಾಧ್ಯಕ್ಷರಾದರು. ಸರ್ವೋಚ್ಚ ನ್ಯಾಯಸ್ಥಾನವು ೨೦೦೦ದ ಏಪ್ರಿಲ್ ೧೭ರಂದು ತೀರ್ಪನ್ನು ಸ್ಥಿರಪಡಿಸಿತು. ಮತ್ತೆ ತೆರೆಯಬೇಕೆಂಬ ಸರಕಾರದ ಕೋರಿಕೆಯನ್ನು ಅದರ ಅಧ್ಯಕ್ಷಮಂಡಲಿಯು ಸೆಪ್ಟೆಂಬರ್ ೧೩ರಂದು ತಿರಸ್ಕರಿಸಿತು. ಇವೆರಡರ ನಡುವೆ, ಆಗಸ್ಟ್ ೧೨ರಂದು, ಅದೇ ಉತ್ತರ ನೌಕಾಪಡೆಯ ಕೂರ್ಸ್ಕ್ ನೌಕೆಯು ೧೧೮ ಮಂದಿಯೊಡನೆ ಬಾರೆಂಟ್ಸ್ ಸಮುದ್ರದಲ್ಲಿ ಮುಳುಗಿತು. ನೌಕೆಗಳ ಅಪಾಯವನ್ನು ಬರೆದವರ ಅಪರಾಧವನ್ನು ನ್ಯಾಯಸ್ಥಾನವು ತೂಗುತ್ತಿದ್ದಾಗಲೇ ಅಪಾಯವು ತಾನೇ ಸಾಕ್ಷಿನುಡಿಯಿತು.

೪

ಬಿಡುಗಡೆಯಾದ ನಿಕಿಟಿನರು ದೇಶವನ್ನು ಬಿಡಲಿಲ್ಲ. ಪೀಟರ್ಸ್‌ಬರ್ಗಿನ ಬೆಲ್ಲೋನ ಶಾಖೆಯನ್ನು ನಡೆಸಿದರು. ಯಾಬ್ಲೊಕೊ ಎಂಬ ಉದಾರವಾದಿ ಪಕ್ಷವನ್ನು ಸೇರಿ, ಮೇಲೆ ಹೇಳಿದ ಯಾಬ್ಲೊಕೊವ್ ಅವರು ಮುಂದಾಳಾಗಿದ್ದ ಅದರ ಹಸಿರು ಬಣದಲ್ಲಿ ದುಡಿದರು. ೨೦೦೩ರ ಚುನಾವಣೆಯಲ್ಲಿ ಶೇಕಡ ಐದರ ಮಿತಿಯನ್ನು ಮುಟ್ಟದೆ ರಾಷ್ಟ್ರಸಭೆಯಲ್ಲಿ ತನ್ನ ಬಣವನ್ನು ಕಳೆದುಕೊಂಡಿದ್ದ ಪಕ್ಷದಲ್ಲಿ ಅಧಿಕಾರದ ಆಸೆಗೆ ಎಡೆಯಿರಲಿಲ್ಲ. ಆದುದರಿಂದ ಅವರ ರಾಜಕಾರಣವನ್ನು ಪರೀಕ್ಷಕನ ಹಳೆಯ ಕೆಲಸದ ಮುಂದುವರಿಕೆಯೆಂದೇ ತಿಳಿಯಬೇಕು. ವರದಿಯನ್ನು ಓದಬೇಕಾದವರು ಮಾತ್ರ ಬೇರೆಯಾದರು: ಮೊದಲು ಮೇಲಧಿಕಾರಿಗಳು, ಆಮೇಲೆ ಪ್ರಜೆಗಳು.

ಆದರೆ ಒಬ್ಬರಿಗೆ ಸಂದ ನ್ಯಾಯವು ಮುಂದಿನವರಿಗೆ ಮಾರ್ಗವಾಗಲಿಲ್ಲ. ಶಾಂತಸಾಗರದ ನೌಕಾಪಡೆಯ ಅಧಿಕಾರಿಯೂ ಪತ್ರಕರ್ತರೂ ಆದ ಗ್ರಿಗೋರಿ ಪಾಸ್ಕೊ ಅವರು ೧೯೯೭ರಲ್ಲಿ ಇದೇ ಬಗೆಯ ಆಪಾದನೆಗೆ ಸಿಕ್ಕಿದರು. ೨೦೦೧ರ ಡಿಸೆಂಬರಿನಲ್ಲಿ ನಾಲ್ಕು ವರ್ಷದ ಶಿಕ್ಷೆ ಹೊಂದಿ, ೨೦೦೩ರ ಜನವರಿಯಲ್ಲಿ ಹೊರಬಂದರು. ೨೦೧೫ರಲ್ಲಿ ಮೂರ್ಮನ್ಸ್ಕಿನ ಬೆಲ್ಲೋನ ಶಾಖೆಗೂ, ೨೦೧೭ರಲ್ಲಿ ಪೀಟರ್ಸ್‌ಬರ್ಗಿನ ಶಾಖೆಗೂ ವಿದೇಶೀ ಕಾರ್ಯಕರ್ತವೆಂಬ ಮುದ್ರೆ ಬಿದ್ದಿತು. ೨೦೨೩ರ ಏಪ್ರಿಲಿನಲ್ಲಿ ಆ ಸಂಸ್ಥೆಯೇ ರಷ್ಯಾದಲ್ಲಿ ಅನಪೇಕ್ಷಿತವೆಂದು ಘೋಷಿತವಾಯಿತು.

ಇನ್ನೊಂದು ಸಂಗತಿಯನ್ನೂ ಇದರೊಡನೆ ಇಟ್ಟು ನೋಡತಕ್ಕದ್ದು. ನಿಕಿಟಿನರ ಗ್ರಂಥವು ವರ್ಣಿಸಿದ್ದ ಆಂದ್ರೇಯೆವ ಕೊಲ್ಲಿಯಲ್ಲಿ ಸುಮಾರು ೨೨,೦೦೦ ಬಳಸಿದ ಇಂಧನಜೋಡಣೆಗಳು ಶೇಖರವಾಗಿದ್ದುವು. ೨೦೧೭ರ ಜೂನಿನಲ್ಲಿ, ನಾರ್ವೆಯೇ ಮೊದಲಾದ ದೇಶಗಳ ಧನಸಹಾಯದಿಂದ, ರಷ್ಯಾ ಸರಕಾರವೇ ಅವನ್ನು ಹಡಗಿನಲ್ಲಿ ಸಾಗಿಸತೊಡಗಿತು. ಶಾಖೆಗೆ ಮುದ್ರೆ ಬಿದ್ದುದೂ, ಶಾಖೆಯವರು ಬೇಡಿದ ಕಾರ್ಯವು ಮೊದಲಾದುದೂ ಒಂದೇ ವರ್ಷ. ಗ್ರಂಥದಲ್ಲಿದ್ದುದು ಸತ್ಯವೆಂದು ರಾಜ್ಯವು ತನ್ನ ಕೃತಿಯಿಂದ ಒಪ್ಪಿಕೊಂಡಿತು. ಅದನ್ನು ನುಡಿಯುವ ಅಧಿಕಾರವು ಪ್ರಜೆಗೂ ಇದೆಯೆಂಬುದನ್ನು ಮಾತ್ರ, ಒಮ್ಮೆ ತನ್ನ ನ್ಯಾಯಸ್ಥಾನದ ಬಾಯಿಂದ ಒಪ್ಪಿ, ಮತ್ತೆ ಮರೆಯಿತು.