ದುಂಡು ಮಡಕೆಚೂರು ಯಾರ ಆಟಿಕೆ? ದುರ್ಗ ಸೀಮೆಯಿಂದ ಒಂದು ಮರುಪರಿಶೀಲನೆ

ಅಂಚು ಉಜ್ಜಿ ದುಂಡಗೆ ಮಾಡಿದ ಮಡಕೆಚೂರು ದಕ್ಷಿಣ ಭಾರತದ ಪ್ರಾಚೀನ ನೆಲೆಗಳಲ್ಲಿ ಅಪರೂಪದ್ದೇನಲ್ಲ. ಕೆಲವಕ್ಕೆ ನಡುವೆ ತೂತಿರುತ್ತದೆ, ಕೆಲವಕ್ಕೆ ಇರುವುದಿಲ್ಲ. ಇವನ್ನು ವಿಂಗಡಿಸಲು ನಮ್ಮ ವಿದ್ವಾಂಸರಲ್ಲಿ ಕೆಲವರು ಒಂದು ಸಲೀಸಾದ ಸೂತ್ರ ಹಿಡಿದಿದ್ದಾರೆ: ತೂತಿಲ್ಲದ್ದು ಹುಡುಗಿಯರ ಕುಂಟೆಬಿಲ್ಲೆ, ಸಣ್ಣ ತೂತಿನದು ಹೆಂಗಸರ ಕದಿರಿನ ಬಿಲ್ಲೆ, ದೊಡ್ಡ ತೂತಿನದು ಗಂಡುಹುಡುಗರ ಆಟದ ಬಂಡಿಯ ಗಾಲಿ. ಇದಕ್ಕೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಮಕ್ಕಳಾಟಗಳೇ ಸಾಕ್ಷಿ ಎನ್ನುತ್ತಾರೆ. ಆ ಸಾಕ್ಷಿಯನ್ನು ಸರಿಯಾಗಿ ವಿಚಾರಿಸಿದರೆ ಸೂತ್ರವೇ ಉಳಿಯುವುದಿಲ್ಲ.

ಉತ್ಖನನದ ಇತಿಹಾಸವನ್ನು ಇಲ್ಲಿ ವಿಸ್ತರಿಸಬೇಕಿಲ್ಲ. 1947ರಲ್ಲಿ ಇದೇ ಸೀಮೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗೆ ಬಂದ ಪುರಾತತ್ವಜ್ಞ ಮಾರ್ಟಿಮರ್ ವೀಲರ್‌ಗೆ ಬೇಕಾಗಿದ್ದದ್ದು ದಕ್ಷಿಣದ ಕಾಲಗಣನೆ, ಅದಕ್ಕೆ ಆಧಾರವಾಗಬಲ್ಲ ರೋಮನ್ ಸಂಪರ್ಕದ ಕುರುಹು. ಮಕ್ಕಳ ಆಟ ಅವರ ಪ್ರಶ್ನೆಯೇ ಆಗಿರಲಿಲ್ಲ. (ಅದಕ್ಕೂ ಮೊದಲು, 1929ರಲ್ಲಿ, ಚಂದ್ರವಳ್ಳಿಯನ್ನು ಅಗೆಸಿದ ಎಂ.ಎಚ್. ಕೃಷ್ಣರನ್ನು ವೀಲರ್‌ಗೆ ಪೀಠಿಕೆಯೆಂಬಂತೆ ಒಂದು ಸಾಲಿನಲ್ಲಿ ಮುಗಿಸುವ ಚಾಳಿಯನ್ನು ನಾನಂತೂ ಒಪ್ಪುವುದಿಲ್ಲ.) ವೀಲರ್ ಕೇಳದ ಪ್ರಶ್ನೆಗೆ ಅವರ ಹಿಂದೆ ಬಂದವರು ಯೋಚಿಸದೆ ಉತ್ತರ ಬರೆದದ್ದೇ ತೊಡಕಿನ ಮೂಲ.

ಮೊದಲು ತೂತಿಲ್ಲದ ಬಿಲ್ಲೆ. ನಮ್ಮ ಹಳ್ಳಿಗಳಲ್ಲಿ ಇದನ್ನು ಮಾಡುವ ಕ್ರಮ ಎಲ್ಲರಿಗೂ ಗೊತ್ತು. ಒಡೆದ ಮಡಕೆಯ ಹೊಟ್ಟೆಭಾಗದಿಂದ ಹೆಚ್ಚು ಬಾಗಿರದ ಬೋಕಿಯೊಂದನ್ನು ಆರಿಸಿ, ಮೂಲೆಗಳನ್ನು ಕಲ್ಲಿನಿಂದ ಮೆಲ್ಲಗೆ ಕುಟ್ಟಿ ಉದುರಿಸಿ, ಬಂಡೆಯ ಮೇಲೆ ನೀರು ಚಿಮುಕಿಸಿ ಅಂಚು ತಿಕ್ಕುತ್ತಾರೆ. ಬಿಲ್ಲೆ ತೀರ ಹಗುರಾದರೆ ನೆಲದ ಮೇಲೆ ಬರೆದ ಆಟದ ಮನೆಯೊಳಗೆ ನಿಲ್ಲದೆ ಜಾರುತ್ತದೆ, ತೀರ ದಪ್ಪವಾದರೆ ಕುಂಟುಗಾಲಿನ ಹೆಬ್ಬೆರಳಿಗೆ ಪೆಟ್ಟು. ಇಲ್ಲಿಯವರೆಗೆ ಸೂತ್ರದವರಿಗೂ ನನಗೂ ಜಗಳವಿಲ್ಲ. ಆದರೆ ಅದೇ ಬೋಕಿಗಳನ್ನು ಏಳರಂತೆ ಒಂದರ ಮೇಲೊಂದು ಪೇರಿಸಿದರೆ ಅದು ಲಗೋರಿ. ಅದನ್ನು ಇದೇ ವಿದ್ವಾಂಸರು 'ಹುಡುಗರ ಆಟ'ದ ಪಟ್ಟಿಗೆ ಸೇರಿಸುತ್ತಾರೆ. ಬೆಳಿಗ್ಗೆ ಅಕ್ಕನ ಕುಂಟೆಬಿಲ್ಲೆಯಾಗಿದ್ದದ್ದು ಸಂಜೆ ತಮ್ಮನ ಲಗೋರಿಗೆ ಸೇರಿದರೆ ಅದು ಯಾವ ಪಟ್ಟಿಗೆ? ಮಣ್ಣಲ್ಲಿ ಹೂತು ಮೇಲೆ ಬಂದ ಚೂರಿನ ಮೇಲೆ ಆ ವ್ಯತ್ಯಾಸ ಬರೆದಿರುವುದಿಲ್ಲ.

ತೂತಿನ ವಿಚಾರ ಇನ್ನೂ ಸೂಕ್ಷ್ಮ. ಕದಿರಿನ ಬಿಲ್ಲೆಗೆ ತೂತು ಸರಿಯಾಗಿ ನಡುವಿಗೇ ಇರಬೇಕು. ಇಲ್ಲದಿದ್ದರೆ ಕದಿರು ಓಲಾಡಿ ನೂಲು ಹದಗೆಡುತ್ತದೆ. ಬಂಡಿಯ ಗಾಲಿಯಾಗಿದ್ದರೆ ತೂತಿನ ಒಳಬದಿ ಅಚ್ಚಿನ ತಿಕ್ಕಾಟಕ್ಕೆ ನುಣುಪಾಗಿರಬೇಕು, ಅಳತೆಗೆ ಹೊಂದುವ ಜೋಡಿಯೂ ಇರಬೇಕು. ಎರಡೂ ಬದಿಯಿಂದ ಕೊರೆಯಲು ಹೊರಟು ಅರ್ಧಕ್ಕೆ ಬಿಟ್ಟ ಚೂರುಗಳೂ ಉಂಟು. ಅಂದಮೇಲೆ ತೂತಿಲ್ಲದ ಬಿಲ್ಲೆಗಳಲ್ಲಿ ಕೆಲವು ಪೂರ್ತಿಯಾಗದ ಕದಿರಿನ ಬಿಲ್ಲೆಗಳಿರಬಹುದು, ಕೆಲವು ಸಣ್ಣ ಗಡಿಗೆಯ ಮುಚ್ಚಳಗಳಿರಬಹುದು. ತೂಕ, ತೂತಿನ ಸ್ಥಾನ, ಸವೆತ, ಜೊತೆಗೆ ಸಿಕ್ಕ ವಸ್ತುಗಳು, ಇವಿಷ್ಟನ್ನೂ ನೋಡದೆ 'ಗಂಡುಮಕ್ಕಳ ಗಾಲಿ' ಎಂದು ಬರೆಯುವುದು ವರ್ಗೀಕರಣವಲ್ಲ, ಮನೆಯಿಂದಲೇ ತಂದ ನಂಬಿಕೆ.

ಗಾಲಿಯ ವಾದಿಗಳು ಕೊನೆಗೆ ಮೊರೆಹೋಗುವುದು ಮೃಚ್ಛಕಟಿಕಕ್ಕೆ. ಚಾರುದತ್ತನ ಮಗ ರೋಹಸೇನನ ಕೈಯಲ್ಲಿ ಮಣ್ಣಿನ ಬಂಡಿ ಇದೆ, ನಿಜ. ಆದರೆ ಶಾಕುಂತಲದ ಏಳನೆಯ ಅಂಕದಲ್ಲಿ ಸಿಂಹದ ಮರಿಯನ್ನು ಹಿಡಿದೆಳೆಯುವ ಸರ್ವದಮನನನ್ನು ಸಮಾಧಾನಪಡಿಸಲು ತಾಪಸಿ ತರುವುದು ಬಣ್ಣದ ಮಣ್ಣಿನ ನವಿಲನ್ನು. ಕುಮಾರಸಂಭವದ ಮೊದಲ ಸರ್ಗದಲ್ಲಿ ಬಾಲೆ ಪಾರ್ವತಿಗೆ ಗೊಂಬೆಯ ಜೊತೆಗೆ ಚೆಂಡೂ ಇದೆ, ಮಂದಾಕಿನಿಯ ಮರಳೂ ಇದೆ. ಒಂದು ನಾಟಕದ ಬಂಡಿಯನ್ನು ಸಾಕ್ಷಿಯಾಗಿ ಕರೆದವರು ನವಿಲನ್ನೂ ಚೆಂಡನ್ನೂ ಕೈಬಿಟ್ಟದ್ದೇಕೆ? ನಮ್ಮ ಸೀಮೆಯಲ್ಲಂತೂ ಜೋಳದ ದಂಟಿನ ಬೆಂಡಿನಿಂದ ಬಂಡಿಯನ್ನೂ ಕನ್ನಡಕವನ್ನೂ ಹುಡುಗ ಹುಡುಗಿಯರಿಬ್ಬರೂ ಮಾಡಿದ್ದಾರೆ.

ವಸ್ತುವಿನ ಲಿಂಗ ಅದರ ಬಳಕೆಯಲ್ಲಿ ಬದಲಾಗುತ್ತದೆ ಎಂಬುದನ್ನು ದುರ್ಗದವರಿಗೆ ಹೇಳಿಕೊಡಬೇಕೇ? ಓಬವ್ವನ ಕಿಂಡಿಯ ಬಳಿ ಒನಕೆಯೊಂದು ಸಿಕ್ಕಿದ್ದು, ಅದರಿಂದ ಆಕೆ ಶತ್ರುಗಳನ್ನು ಬಡಿದ ಐತಿಹ್ಯ ಮಾತ್ರ ಮರೆತುಹೋಗಿದ್ದರೆ, ಈ ಸೂತ್ರದವರು ಅಲ್ಲೊಂದು ಅಡುಗೆಮನೆ ಇತ್ತೆಂದು ಬರೆಯುತ್ತಿದ್ದರು. (ಸರ್ಕಾರ 2021ರಿಂದ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ಶಾಲೆಯ ಛದ್ಮವೇಷದಲ್ಲಿ ರಟ್ಟಿನ ಒನಕೆ ಹಿಡಿದ ಹುಡುಗಿಗೆ ಅದು ಆಯುಧ. ಜಾತ್ರೆಯ ಅಡುಗೆ ಸೆಟ್ಟಿನಲ್ಲಿ ಅದೇ ಒನಕೆ ಮತ್ತೆ 'ಹೆಣ್ಣುಮಕ್ಕಳ ಆಟದ ಸಾಮಾನು'.)

ಹಾಗಾದರೆ ಆಟದಲ್ಲಿ ಗಂಡು ಹೆಣ್ಣೆಂಬ ಭೇದವೇ ಇರಲಿಲ್ಲವೇ? ಇತ್ತು. ಅದು ಬಿಲ್ಲೆಯಲ್ಲಿರಲಿಲ್ಲ, ಜಾಗದಲ್ಲೂ ಹೊತ್ತಿನಲ್ಲೂ ಇತ್ತು. ಕುಂಟೆಬಿಲ್ಲೆಯ ಮನೆಯನ್ನು ಅಂಗಳದಲ್ಲೇ ಬರೆಯುತ್ತಿದ್ದದ್ದು ಸೊಂಟದಿಂದ ಇಳಿಸಿದ ಕೂಸಿನ ಮೇಲೆ ಕಣ್ಣಿಡಬೇಕಾಗಿದ್ದರಿಂದ, ಅಮ್ಮ ಕೂಗಿದರೆ ಕೇಳಬೇಕಾಗಿದ್ದರಿಂದ. ಲಗೋರಿಗೆ ಬೇಕಾದ ಬಯಲೂ, ಯಾರೂ ಕರೆಯದ ಸಂಜೆಯೂ ಹುಡುಗರಿಗೆ ಸಿಕ್ಕವು. ಪುರಾತತ್ವಜ್ಞೆ ಎಲ್ಕೆ ರೋಜರ್ಸ್‌ಡಾಟರ್ 2011ರ ತಮ್ಮ ಮಹಾಪ್ರಬಂಧದಲ್ಲಿ ಮೊಹೆಂಜೊದಾರೋದ ಆಟದ ವಸ್ತುಗಳನ್ನು ಪರಿಶೀಲಿಸಿದಾಗ ಅವು ಎಲ್ಲೆಂದರಲ್ಲಿ ಚೆದುರದೆ ಕೆಲವು ಜಾಗಗಳಲ್ಲಿ ಗುಂಪುಗೂಡಿರುವುದನ್ನು ತೋರಿಸಿದರು. ನಮಗೆ ಬೇಕಾದದ್ದು ಈ ದಾರಿ. 'ಯಾರದು' ಎಂದು ಕೇಳುವ ಮುನ್ನ 'ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು' ಎಂದು ಕೇಳಬೇಕು.

ಇದು ಬರಿಯ ಪಂಡಿತರ ಜಗಳವೆಂದು ತಳ್ಳಿಹಾಕುವಂತಿಲ್ಲ. ಅಂಗಡಿಯವನು ಗುಲಾಬಿ ಡಬ್ಬಿ, ನೀಲಿ ಡಬ್ಬಿ ಎಂದು ಆಟಿಕೆಗಳನ್ನು ಬೇರೆ ಮಾಡಿದರೆ ಅದು ವ್ಯಾಪಾರ. ಅದೇ ಕೆಲಸವನ್ನು ವಸ್ತುಸಂಗ್ರಹಾಲಯದ ಚೀಟಿ ಮಾಡಿದರೆ, ಎರಡು ಸಾವಿರ ವರ್ಷದಿಂದ ಹೀಗೇ ಇತ್ತೆಂದು ಮಕ್ಕಳು ನಂಬುತ್ತಾರೆ. ಚೀಟಿಯ ಮೇಲೆ ಇಷ್ಟು ಸಾಕು: ದುಂಡು ಮಡಕೆಚೂರು, ಅಂಚು ಉಜ್ಜಿದ್ದು, ತೂತು ಇದೆ ಅಥವಾ ಇಲ್ಲ, ಸಿಕ್ಕ ಪದರ ಇಂಥದ್ದು. ಇದಕ್ಕಿಂತ ಹೆಚ್ಚು ಬರೆಯಬೇಕೆನ್ನುವವರು ಸವೆತವನ್ನು ಅಳೆದು ಬರಲಿ.