ತಲಿ, ಕಾಲು, ಬೋಟಿ: ಈ ರುಚಿ ಯಾರು ಗಳಿಸಿದ್ದು?



ಬರಹ ಸ್ವಲ್ಪ ಉದ್ದ ಅದ. ಊಟ ಆದಮ್ಯಾಲ ಓದ್ರಿ, ಹಸಿದಾಗ ಓದಿದ್ರ ತ್ರಾಸ ಆಗ್ತದ.

ಈಗ ಯಾದಗಿರಿ, ಶಹಾಪುರ, ಸುರಪುರ ರಸ್ತೆ ಬದಿಯ ಖಾನಾವಳಿಗಳ ಬೋರ್ಡ್ ನೋಡ್ರಿ. ತಲೆಮಾಂಸ, ಪಾಯಾ, ಬೋಟಿ ಫ್ರೈ. ಯೂಟ್ಯೂಬ್‌ನಾಗ ಇವಕ್ಕ 'ನಾಟಿ ಸ್ಟೈಲ್', 'ಹಳ್ಳಿ ರುಚಿ' ಅಂತ ಹೆಸರು. ಹಳ್ಳಿ ಅಂದ್ರ ಯಾವ ಹಳ್ಳಿ? ಹಳ್ಳಿಯೊಳಗ ಯಾವ ಓಣಿ? ಅದನ್ನ ಯಾರೂ ಹೇಳಂಗಿಲ್ಲ. ಕುರಿಯ ತಲಿಯಿಂದ, ಕಾಲಿನಿಂದ, ಕರುಳಿನಿಂದ ರುಚಿ ತೆಗೆಯೋ ವಿದ್ಯೆ ಯಾವ ಒಲೆ ಮುಂದ ಹುಟ್ಟಿತು, ಯಾಕ ಹುಟ್ಟಿತು ಅನ್ನೋದಕ್ಕ ಒಂದು ಇತಿಹಾಸ ಅದ. ಅದನ್ನ ನಾವೇ ಬರೀಬೇಕು.

ಮೊದಲಿಗೆ ಒಂದು ಸುಳ್ಳು ಬಿಡಿಸೋಣ. ಖಂಡ ತಿನ್ನೋರು ಕೀಳು, ತಿನ್ನದವರು ಮೇಲು, ಇದೇ ಜಾತಿಯ ಗೆರೆ ಅಂತ ನಮಗ ಸಾಲ್ಯಾಗಿಂದ ಹೇಳಿಕೊಂಡು ಬಂದಾರ. ನಮ್ಮ ನೆಲದ ಇತಿಹಾಸ ಇದಕ್ಕ ಒಪ್ಪಂಗಿಲ್ಲ. ಸುರಪುರ ಆಳಿದವರು ಬೇಡ ನಾಯಕರು, ಬೇಟೆಯ ಕುಲದವರು. 1841ರಿಂದ 1853ರವರೆಗೆ ಇಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಇವತ್ತಿಗೂ ಸುರಪುರದ ಗುಡ್ಡದ ಮ್ಯಾಲ ಅದ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದರು, ಸೋತರು. 1860ರ ಒಪ್ಪಂದದಲ್ಲಿ ಸುರಪುರ ನಿಜಾಮನ ಪಾಲಾಯಿತು. ಶಹಾಪುರದ ಹತ್ತಿರ ಗೋಗಿಯಲ್ಲಿ ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹನ ಗೋರಿ ಅದ. ಬೇಡರು, ಆದಿಲಶಾಹಿಗಳು, ನಿಜಾಮರು. ಈ ನೆಲ ಆಳಿದವರ ಅಡುಗೆಮನೆಯಲ್ಲಿ ಖಂಡ ಎಂದೂ ಕೀಳಾಗಿರಲಿಲ್ಲ.

ದೇವರ ಮಾತೂ ಹಾಗೇ ಅದ. ಯಾದಗಿರಿ ತಾಲೂಕಿನ ಮೈಲಾಪುರ ಮಲ್ಲಯ್ಯನ ಜಾತ್ರೆಯಲ್ಲಿ ಸಂಕ್ರಾಂತಿ ದಿನ ಪಲ್ಲಕ್ಕಿ ಮ್ಯಾಲ ಕುರಿಮರಿ ಎಸೆಯೋ ಹರಕೆ ಇತ್ತು. ಈಗ ಜಿಲ್ಲಾಡಳಿತ ಅದನ್ನ ನಿಷೇಧಿಸಿ ದಾರಿಯಲ್ಲೇ ಮರಿಗಳನ್ನ ತಡೀತದ. ಮೂಕಪ್ರಾಣಿ ಎಸೆಯೋದು ನಿಂತಿದ್ದು ಒಳ್ಳೇದೇ. ದರ್ಗಾಗಳಲ್ಲಿ ಕಂದೂರಿ ಮಾಡ್ತಾರ. ಹರಕೆ ಹೊತ್ತವರು ಕುರಿ ಕೊಯ್ಯಿಸಿ ಬಂಧುಬಳಗಕ್ಕ, ಊರಿಗೆ ಉಣಿಸ್ತಾರ. ಕುರುಬರು, ಬೇಡರು, ಮುಸ್ಲಿಮರು, ನಾವು, ಎಲ್ಲರ ಮನಿಯಾಗೂ ಕಂದೂರಿ ಅದ.

ಅಂದ್ರ ಗೆರೆ ಇದ್ದದ್ದು ಎಲ್ಲಿ? ತುಂಡಿನಲ್ಲಿ.

ಊರ ದ್ಯಾವತಿಗೆ ಕುರಿ ಬಿದ್ದಾಗ ತೊಡೆ, ಎದೆ, ಬೆನ್ನಿನ ಖಂಡ ಯಾರ ಮನಿಗೆ ಹೋಗ್ತಿತ್ತು, ತಲಿ, ಕಾಲು, ಬೋಟಿ, ರಕ್ತ ಯಾರ ಓಣಿಗೆ ಬರ್ತಿತ್ತು ಅಂತ ನಿಮ್ಮ ನಿಮ್ಮ ಮುತ್ಯಾಗಳನ್ನ ಕೇಳ್ರಿ. ಲೆಕ್ಕ ಊರಿಂದ ಊರಿಗೆ ಬ್ಯಾರೆ ಇರಬಹುದು. ನಮ್ಮ ಕಡೆಯ ಹಿರಿಯರು ಹೇಳೋದು ಮಾತ್ರ ಒಂದೇ: ಮೆತ್ತನ್ನ ಖಂಡ ಊರಿನೊಳಗ, ಎಲುಬು ಕರುಳು ಊರ ಹೊರಗ. ಅದೂ ಪುಕ್ಕಟೆ ಅಲ್ಲ. ಹಲಗಿ ಬಾರಿಸಬೇಕು, ಸತ್ತ ದನ ಎಳೀಬೇಕು, ಮಿಣಿ, ಬಾರುಕೋಲು, ಚಪ್ಪಲಿ ಮಾಡಿಕೊಡಬೇಕು. ಕೂಲಿಯ ಬದಲಿಗೆ ಕೊಟ್ಟಿದ್ದಕ್ಕ 'ಆಯ' ಅಂತ ಹೆಸರು ಇಟ್ಟು, ಉಪಕಾರ ಮಾಡಿದಂಗ ಮಾತಾಡಿದರು.

ಇಲ್ಲೇ ನಮ್ಮ ಹುಡುಗರು ನನಗ ಒಂದು ಪ್ರಶ್ನೆ ಕೇಳ್ತಾರ. "ಅಣ್ಣ, ಬೋಟಿ, ತಲಿ ನಮ್ಮ ಗುಲಾಮಗಿರಿ ಗುರುತು. ಅದನ್ನ ಯಾಕ ಹೊಗಳ್ತೀರಿ? ಬಾಬಾಸಾಹೇಬರೇ ಬಿಡ್ರಿ ಅಂದಿಲ್ಲೇನು?" ಪ್ರಶ್ನೆ ಸರಿಯಾಗೇ ಅದ. ಉತ್ತರ ಸಾವಕಾಶ ಕೊಡಬೇಕು.

1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಬಿಡಿ ಅಂದದ್ದು ಸತ್ತ ದನದ ಮಾಂಸವನ್ನ, ಮಂದಿ ಎಸೆದ ಎಂಜಲನ್ನ. ಅದರ ಹಿಂದಿದ್ದ ಬಿಟ್ಟಿ ಚಾಕರಿಯನ್ನ ಮುರಿಯೋದು ಅವರ ಗುರಿ. ನಮ್ಮ ಭಾಗದಲ್ಲೂ ಇದೇ ಸ್ವಾಭಿಮಾನದ ದಾರಿ. 1968ರಲ್ಲಿ ಕಲಬುರಗಿಯಲ್ಲಿ ಬಿ. ಶ್ಯಾಮಸುಂದರ್ ಅವರು ಭೀಮಸೇನೆ ಕಟ್ಟಿದರು. 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬಂತು. ಸತ್ತ ದನ ಎಳೆಯಂಗಿಲ್ಲ, ಹಲಗಿ ಬಾರಿಸಂಗಿಲ್ಲ ಅಂತ ಓಣಿ ಓಣಿಯಾಗ ಮಾತು ಎದ್ದಿತು. ಹಂಗ ಅಂದದ್ದಕ್ಕ ಬಹಿಷ್ಕಾರ ಉಂಡವರು ನಮ್ಮ ಹಿರಿಯರು. ಅದರ ಮ್ಯಾಲ ಎರಡು ಮಾತಿಲ್ಲ.

ಆದ್ರ ಬಾಬಾಸಾಹೇಬರೇ ಹೇಳಿದ ಇನ್ನೊಂದು ಘಟನೆ ನೆನಪು ಮಾಡಿಕೊಳ್ರಿ. 1936ರ 'ಜಾತಿ ವಿನಾಶ' ಭಾಷಣದಲ್ಲಿ ಜೈಪುರ ಸಂಸ್ಥಾನದ ಚಕ್ವಾರಾ ಅನ್ನೋ ಹಳ್ಳಿಯ ಕಥಿ ಬರ್ತದ. ಯಾತ್ರೆ ಮುಗಿಸಿ ಬಂದ ಒಬ್ಬ ಅಸ್ಪೃಶ್ಯ ತನ್ನ ಜನಕ್ಕ ಊಟ ಹಾಕಿದ. ಊಟದಾಗ ತುಪ್ಪ ಬಡಿಸಿದ. ಅಷ್ಟಕ್ಕೇ ನೂರಾರು ಮಂದಿ ಲಾಠಿ ಹಿಡಿದು ಬಂದು ಊಟ ಕೆಡಿಸಿದರು, ಉಣ್ಣೋರನ್ನ ಬಡಿದರು. ಅಲ್ಲಿ ಮಾಂಸ ಇರಲಿಲ್ಲ, ದನ ಇರಲಿಲ್ಲ. ತಪ್ಪು ಒಂದೇ: ಅಸ್ಪೃಶ್ಯರು ರುಚಿಯಾಗಿ ಉಂಡರು.

ಇದನ್ನ ಅರ್ಥ ಮಾಡಿಕೊಂಡ್ರ ಉತ್ತರ ಸಿಗ್ತದ. ನಮಗ ಏನು ಸಿಗಬೇಕು ಅನ್ನೋದನ್ನ ಜಾತಿ ತೀರ್ಮಾನ ಮಾಡಿತು. ಸಿಕ್ಕಿದ್ದರಿಂದ ರುಚಿ ತೆಗೆದದ್ದು ನಮ್ಮ ತಾಯಂದಿರ ಬುದ್ಧಿ. ಮೊದಲನೆಯದನ್ನ ಬಿಡಬೇಕು, ಎರಡನೆಯದನ್ನ ಬಿಡೋದು ದಡ್ಡತನ.

ಆ ಬುದ್ಧಿ ಎಂಥದ್ದು ಅಂತ ಈಗ ನೋಡೋಣ. ನಮ್ಮ ಓಣಿಯ ಹಿರಿಯ ತಾಯಂದಿರನ್ನ ಕೇಳಿ ಬರೆದುಕೊಂಡದ್ದನ್ನ ಹೇಳ್ತೀನಿ.

ಕುರಿ ಆರಿಸೋದೇ ಮೊದಲ ಪಾಠ. ಎಳೆ ಮರಿ ಖಂಡ ಜಲ್ದಿ ಬೇಯ್ತದ, ಮೆತ್ತಗ ಇರ್ತದ, ಆದ್ರ ಸಾರಿಗೆ ಅಷ್ಟು ರುಚಿ ಬಿಡಂಗಿಲ್ಲ. ಬಲಿತ ಕುರಿ ತಡಾ ಬೇಯ್ತದ, ಸಾರು ಮಾತ್ರ ಗಟ್ಟಿ ರುಚಿ. ದಖನಿ ಕುರಿಯಾಗಲಿ, ರಾಯಚೂರು-ಕೊಪ್ಪಳ ಕಡೆಯ ಕೆಂಗುರಿಯಾಗಲಿ, ಮೇದು ನಡೆದು ಬೆಳೆದ ಕುರಿಯ ಖಂಡಕ್ಕ ವಾಸನೆ ಬ್ಯಾರೆ. ಕುರಿ ವಾಸನೆ ಇರೋದು ಬಹುಪಾಲು ಕೊಬ್ಬಿನಾಗ. ವಾಸನೆ ಆಗಂಗಿಲ್ಲ ಅನ್ನೋರು ಕೊಬ್ಬು ತೆಗೆದು ಹಾಕ್ತಾರ. ನಮ್ಮವರು ಅದೇ ಕೊಬ್ಬನ್ನ ಮೊದಲು ಗಡಿಗಿಗೆ ಹಾಕಿ ಕರಗಿಸ್ತಾರ. ಬ್ಯಾರೆ ಎಣ್ಣಿ ಬೇಕಾಗಂಗಿಲ್ಲ. ಖಾರದ ಬಣ್ಣ, ಖಾರದ ಘಾಟು ಎರಡೂ ಕೊಬ್ಬಿನಾಗ ಕರಗ್ತಾವ, ನೀರಿನಾಗ ಅಷ್ಟು ಕರಗಂಗಿಲ್ಲ. ಎಣ್ಣಿ ಕೊಳ್ಳಾಕ ರೊಕ್ಕ ಇಲ್ಲದವರು ಕಂಡುಕೊಂಡ ದಾರಿ ಇದು, ಇವತ್ತು ದೊಡ್ಡ ಹೋಟೆಲಿನ ಬಾಣಸಿಗರೂ ಇದನ್ನೇ ಮಾಡ್ತಾರ.

ತಲಿ, ಕಾಲು ಸುಡೋದು ಎರಡನೇ ಪಾಠ. ಕೆಂಡದ ಮ್ಯಾಲ ಹಿಡಿದು ರೋಮ ಸುಟ್ಟು, ಚಾಕುವಿನಿಂದ ಹೆರೆದು, ಅರಿಶಿಣ ಹಚ್ಚಿ ತೊಳೀತಾರ. ನೋಡೋರಿಗೆ ಇದು ಬರೀ ಸ್ವಚ್ಛ ಮಾಡೋ ಕೆಲಸ. ಆದ್ರ ಚರ್ಮ ಸುಟ್ಟಾಗ ಬರೋ ಕಂದು ಬಣ್ಣವೇ ರುಚಿ. ಲೂಯಿ ಮೈಯಾರ್ ಅನ್ನೋ ಫ್ರೆಂಚ್ ವಿಜ್ಞಾನಿ 1912ರಲ್ಲಿ ಈ ಕ್ರಿಯೆಯನ್ನ ವಿವರಿಸಿದ. ಸುಮಾರು 140 ಡಿಗ್ರಿ ಶಾಖ ದಾಟಿದ ಮ್ಯಾಲ ಇದು ಜೋರಾಗಿ ನಡೀತದ. ನೀರು ಕುದಿಯೋದು 100 ಡಿಗ್ರಿಗೆ. ಹಂಗಾಗಿ ಮೊದಲೇ ನೀರು ಸುರಿದು ಕುದಿಸಿದ ಖಂಡ ಬಿಳುಚಿಕೊಂಡು ಸಪ್ಪಗಾಗ್ತದ. ಮೊದಲು ನೀರಿಲ್ಲದೆ ಹುರೀಬೇಕು, ಖಂಡ ತನ್ನ ನೀರು ತಾನೇ ಬಿಟ್ಟು ಅದು ಆರಿ ಗಡಿಗಿ ತಳ ಹಿಡಿಯೋತನಕ ಹುರೀಬೇಕು, ಆಮ್ಯಾಲ ಬಿಸಿನೀರು. ತಳಕ್ಕ ಅಂಟಿದ್ದನ್ನ ಆ ನೀರಿನಾಗ ಕೆರೆದು ಬಿಡಿಸಬೇಕು. ಉಳ್ಳಾಗಡ್ಡಿ, ಒಣಕೊಬ್ಬರಿ ಕೆಂಡದಾಗ ಸುಟ್ಟು ಅರೆಯೋದೂ ಇದೇ ಕಾರಣಕ್ಕ.

ಮೂರನೇದು ತಾಳ್ಮೆ. ಕಾಲಿನಾಗ ಖಂಡ ಎಲ್ಲಿರ್ತದ? ಇರೋದು ಚರ್ಮ, ನರ, ಎಲುಬು. ಸಣ್ಣ ಉರಿಯಲ್ಲಿ ಮೂರು-ನಾಲ್ಕು ತಾಸು ಬೆಂದಾಗ ಅದರ ಗಟ್ಟಿ ಅಂಟು ಕರಗಿ ಸಾರಿಗೆ ಇಳೀತದ. ತುಟಿಗೆ ಅಂಟಂಗ ಸಾರು ಆದ್ರ ಬೆಂದದ ಅಂತ ಲೆಕ್ಕ. ಕೂಲಿಗೆ ಹೋಗೋ ಹೆಣ್ಣುಮಗಳು ರಾತ್ರಿ ಒಲೆಯ ಬೂದಿ ಕೆಂಡದ ಮ್ಯಾಲ ಗಡಿಗಿ ಇಟ್ಟು ಮಲಗ್ತಿದ್ದಳು, ನಸುಕಿಗೆ ಸಾರು ತಯಾರ್. ಕುಕ್ಕರ್‌ನಾಗ ಜಲ್ದಿ ಆಗ್ತದ, ಅದೂ ಸರಿನೇ. ಸೀಟಿ ಆದಮ್ಯಾಲ ಮುಚ್ಚಳ ತೆಗೆದು ಹತ್ತು-ಹದಿನೈದು ನಿಮಿಷ ಕುದಿಸಿದ್ರ ಸಾರು ಮಂದ ಆಗ್ತದ.

ನಾಲ್ಕನೇದು ಹೆಚ್ಚಿಸೋದು. ಸ್ವಲ್ಪ ಖಂಡ, ಬಾಯಿ ಬಹಳ. ಬೋಟಿಯನ್ನ ಬಿಸಿನೀರಿನಾಗ ಅದ್ದಿ, ಒಳಹೊರಗ ಕೆರೆದು, ಉಪ್ಪು ಹಚ್ಚಿ ಮೂರ್ನಾಲ್ಕು ಸಲ ತೊಳೆದು, ಕಡ್ಲಿಬ್ಯಾಳಿ ಹಾಕಿ ಬೇಯಿಸ್ತಾರ. ಬ್ಯಾಳಿ ಖಂಡದ ರುಚಿ ಹೀರಿಕೊಂಡು ತಾನೇ ಖಂಡ ಆಗ್ತದ. ಪುಂಡಿಪಲ್ಯ ಹಾಕಿದ್ರ ಹುಳಿಯಿಂದ ಕೊಬ್ಬಿನ ಜಿಡ್ಡು ಬಾಯಿಗೆ ಹತ್ತಂಗಿಲ್ಲ. ಕೊಬ್ಬರಿ ಇಲ್ಲದಾಗ ಗುರೆಳ್ಳು, ಶೇಂಗಾ. ರಕ್ತಕ್ಕ ಉಪ್ಪು ಹಾಕಿ ಹೆಪ್ಪುಗಟ್ಟಿಸಿ, ಉಳ್ಳಾಗಡ್ಡಿ ಜೋಡಿ ಹುರೀತಾರ. ಉಳಿದ ಖಂಡ ಉದ್ದಕ ಕೊಯ್ದು, ಉಪ್ಪು ಅರಿಶಿಣ ಹಚ್ಚಿ ಹಗ್ಗದ ಮ್ಯಾಲ ಬಿಸಿಲಿಗೆ. ಯಾದಗಿರಿ ಬಿಸಿಲಿನ ಉಪಯೋಗ ಅಂದ್ರ ಇದೊಂದೇ! ಮಳೆಗಾಲದಾಗ ಕೂಲಿ ಇಲ್ಲದ ದಿನ ನಾಲ್ಕು ತುಂಡು ಒಣಖಂಡ ಕೆಂಡದಾಗ ಸುಟ್ಟು ಕುಟ್ಟಿದ್ರ ಒಂದು ಗಡಿಗಿ ಸಾರಿಗೆ ಸಾಕು.

ಇಷ್ಟೆಲ್ಲ ಹೇಳಿದ ಮ್ಯಾಲ ನಮ್ಮ ಮನಿಯೊಳಗಿನ ಒಂದು ಮಾತೂ ಹೇಳಬೇಕು. ಊರು ನಮಗ ತುಂಡಿನಾಗ ಭೇದ ಮಾಡಿತು. ನಾವು ಮನಿಯಾಗ ಏನು ಮಾಡಿದಿವಿ? ನಳ್ಳಿ ಎಲುಬು ಗಂಡಸರಿಗೆ, ಕಾರ್ಜ ಗಂಡುಮಗನಿಗೆ, ತಾಸುಗಟ್ಟಲೆ ಒಲೆ ಮುಂದ ಕೂತವಳಿಗೆ ಕಡೆಗೆ ತಳದ ಸಾರು, ರೊಟ್ಟಿ. ಈ ವಿದ್ಯೆ ಗಳಿಸಿದವರೇ ಅದರ ರುಚಿ ಕಡಿಮೆ ಕಂಡವರು. ಸಮಾನತೆ ಭಾಷಣ ಮಾಡೋ ನಾವು ಮೊದಲು ನಮ್ಮ ತಾಟು ನೋಡಿಕೊಳ್ಳಬೇಕು.

ಇವತ್ತಿನ ಸ್ಥಿತಿಗೆ ಬರೋಣ. 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರಿಂದ ಜಾರಿಯಾಯಿತು. 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಬ್ಯಾರೆ ಯಾವ ದನವನ್ನೂ ಕೊಯ್ಯಂಗಿಲ್ಲ. ಬಡವರ ಅಗ್ಗದ ಖಂಡ ಹೋಯಿತು. ಕುರಿ ಖಂಡದ ರೇಟು ಕೂಲಿಯವರ ಕೈಗೆ ಎಟಕಂಗಿಲ್ಲ. ಬರೀ ಬೋಟಿ, ತಲಿ ಆದರೂ ತರೋಣ ಅಂದ್ರ ಅದೂ ಈಗ ಹೋಟೆಲಿನವರ ಪಾಲು. ಒಂದು ಕಾಲಕ್ಕ 'ಇದು ನಿಮಗೇ' ಅಂತ ನಮ್ಮ ಕಡೆ ಎಸೆದದ್ದನ್ನ ಇವತ್ತು ನಮಗೆ ಸಿಗದಂಗ ಮಾಡ್ಯಾರ. ಅದೇ ವೇಳೆಗೆ, 2021ರ ಡಿಸೆಂಬರ್‌ನಲ್ಲಿ ನಮ್ಮ ಯಾದಗಿರಿ ಸೇರಿ 7 ಜಿಲ್ಲೆಗಳ ಸಾಲಿ ಮಕ್ಕಳಿಗೆ, ಅಪೌಷ್ಟಿಕತೆ ಅದ ಅಂತ ಸರ್ಕಾರವೇ ಒಪ್ಪಿಕೊಂಡು ಮೊಟ್ಟೆ ಕೊಟ್ಟಾಗ, ಕೆಲವು ಮಠಾಧೀಶರು ವಿರೋಧಕ್ಕ ನಿಂತರು. 2024ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಕೊಡ್ರಿ ಅಂದಾಗ ಎಷ್ಟು ಗದ್ದಲ ಆಯಿತು ನೀವೇ ನೋಡೀರಿ. ಕನ್ನಡದ ಹಬ್ಬದಾಗ ಕನ್ನಡಿಗರ ಬಹುಪಾಲು ಜನರ ಊಟಕ್ಕ ಜಾಗ ಕೇಳಬೇಕಾದ ಕಾಲ ಇದು.

ಮರಾಠವಾಡದ ಶಾಹೂ ಪಾಟೋಳೆ ಅವರು 2015ರಲ್ಲಿ ಮರಾಠಿಯಲ್ಲಿ ದಲಿತರ ಅಡುಗೆ ಬಗ್ಗೆ ಒಂದು ಪುಸ್ತಕ ಬರೆದರು. 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ಮರಾಠವಾಡ, ನಾವು ಒಂದೇ ನಿಜಾಮನ ರಾಜ್ಯದಾಗ ಇದ್ದವರು. ಅವರು ಬರೆದಂಗ ನಾವೂ ಬರೆಯೋಣ. ನಮ್ಮ ತಾಯಂದಿರು ಇನ್ನೂ ಇದ್ದಾರ, ಬಹಳ ದಿನ ಇರಂಗಿಲ್ಲ.

ಒಂದು ಕೆಲಸ ಹೇಳ್ತೀನಿ. ಈ ವಾರ ನಿಮ್ಮ ಅವ್ವನ್ನ, ಆಯಿಯನ್ನ ಕೂಡಿಸಿಕೊಂಡು ನಾಲ್ಕು ಪ್ರಶ್ನೆ ಕೇಳ್ರಿ. ಯಾವ ತುಂಡು ಮನಿಗೆ ಬರ್ತಿತ್ತು? ಯಾರು ಕೊಡ್ತಿದ್ರು? ಬದಲಿಗೆ ಏನು ಕೆಲಸ ಮಾಡಿಸಿಕೊಳ್ತಿದ್ರು? ನೀ ಅದನ್ನ ಹೆಂಗ ಅಡುಗಿ ಮಾಡ್ತಿದ್ದಿ? ಅಳತೆ, ಉರಿ, ಎಷ್ಟು ತಾಸು, ಎಲ್ಲಾ ಬರೆದುಕೊಳ್ರಿ. ಊರಿನ ಹೆಸರು ಹಾಕಿ ಕೆಳಗ ಕಮೆಂಟ್‌ನಾಗ ಹಾಕ್ರಿ. ನಾನು ಎಲ್ಲಾ ಒಂದು ಕಡೆ ಕೂಡಿಸಿ ಇಡ್ತೀನಿ.

ಮತ್ತ ಮುಂದಿನ ಸಲ ಮನಿಯಾಗ ಖಂಡದ ಅಡುಗಿ ಆದಾಗ, ನಳ್ಳಿ ಎಲುಬು ಅವ್ವನ ತಾಟಿಗೆ ಹಾಕ್ರಿ.

ಜೈಭೀಮ್.