ದ್ವೀಪ ಖಾಲಿಯಾದಾಗ ಬೆಂಗಳೂರು ಬೆಳೆಯಿತು

ಭಾನುವಾರ ಬಂತೆಂದರೆ ಶ್ರೀರಂಗಪಟ್ಟಣದ ಬೀದಿಗಳಲ್ಲಿ ಗಲಗಲ. ಬೆಳಗಿನ ಜಾವ ಬೆಂಗಳೂರು ಬಿಟ್ಟ ಕಾರು, ವ್ಯಾನುಗಳು ಸುಮಾರು 125 ಕಿ.ಮೀ. ದಾರಿ ಸವೆಸಿ ಇಲ್ಲಿಗೆ ಬರುತ್ತವೆ. ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್, ಗಂಜಾಂನ ನಿಮಿಷಾಂಬಾ ದೇವಿಗೆ ಒಂದು ಪೂಜೆ, ಸಂಗಮದ ನೀರಿನಲ್ಲಿ ಸ್ವಲ್ಪ ಹೊತ್ತು ಆಟ. ಸಂಜೆ ಗಾಡಿ ಹತ್ತಿದರೆ ವಿಹಾರ ಮುಗಿಯಿತು. ಸುತ್ತ ಹರಿಯುವ ಕಾವೇರಿ, ಕಬ್ಬಿನ ಗದ್ದೆ, ಪಾಳುಬಿದ್ದ ಕೋಟೆಗೋಡೆ. ಎಷ್ಟು ಪ್ರಶಾಂತವಾದ ಊರು ಎನ್ನುತ್ತ ಜನ ಮರಳಿ ಹೊರಡುತ್ತಾರೆ.

ಆದರೆ ಈ ಪ್ರಶಾಂತತೆ ಊರಿನ ಹುಟ್ಟುಗುಣವಲ್ಲ. ಒಂದು ಮಹಾನಗರ ಬರಿದಾದ ಮೇಲೆ ಉಳಿದ ಮೌನ ಅದು. ಆ ನಗರ ಬರಿದಾದದ್ದಕ್ಕೂ, ಇಂದಿನ ಪ್ರವಾಸಿಗರ ಬೆಂಗಳೂರು ದೊಡ್ಡದಾಗಿ ಬೆಳೆದದ್ದಕ್ಕೂ ನೇರ ಸಂಬಂಧವಿದೆ.

ರಾಜಧಾನಿಯ ವೈಭವ

ಕಾವೇರಿ ಎರಡು ಕವಲಾಗಿ ಒಡೆದು ಮತ್ತೆ ಕೂಡುವ ನಡುವಿನ ನೆಲವೇ ಶ್ರೀರಂಗಪಟ್ಟಣ. ಸುತ್ತ ನೀರಿರುವುದರಿಂದ ಇದು ರಕ್ಷಣೆಗೆ ಹೇಳಿ ಮಾಡಿಸಿದ ಜಾಗ. ವಿಜಯನಗರದ ಕಾಲದಲ್ಲಿ, 1454ರ ಸುಮಾರಿಗೆ, ಇಲ್ಲಿ ಕೋಟೆ ಎದ್ದಿತು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಇದನ್ನು ವಶಪಡಿಸಿಕೊಂಡು ತಮ್ಮ ರಾಜಧಾನಿ ಮಾಡಿಕೊಂಡರು. ಅದೇ ವರ್ಷ ಅವರು ನವರಾತ್ರಿ ಉತ್ಸವವನ್ನೂ ಇಲ್ಲಿಯೇ ಆರಂಭಿಸಿದರು. ನಾಡಹಬ್ಬವೆನಿಸಿದ ಮೈಸೂರು ದಸರಾದ ತವರು ಶ್ರೀರಂಗಪಟ್ಟಣವೇ.

1761ರಲ್ಲಿ ಅಧಿಕಾರ ಹೈದರಾಲಿಯ ಕೈಸೇರಿತು. ಹೈದರ್ ಮತ್ತು ಟಿಪ್ಪು ಸುಲ್ತಾನನ ಕಾಲದಲ್ಲಿ ದ್ವೀಪದ ತುಂಬ ಅರಮನೆ, ತೋಟ, ಮದ್ದಿನ ಮನೆ, ಕಾರ್ಖಾನೆಗಳು ತಲೆ ಎತ್ತಿದವು. 1784ರಲ್ಲಿ ದರಿಯಾ ದೌಲತ್, 1787ರಲ್ಲಿ ಜೋಡಿ ಮಿನಾರುಗಳ ಜಾಮಿಯಾ ಮಸೀದಿ ಕಟ್ಟಲಾಯಿತು. ಸಿರಾ ಕಡೆಯ ಕುಟುಂಬಗಳನ್ನು ತಂದು ಗಂಜಾಂನಲ್ಲಿ ನೆಲೆಗೊಳಿಸಲಾಯಿತು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂಬ ಅಂದಾಜನ್ನು 1800ರಲ್ಲಿ ಇಲ್ಲಿಗೆ ಬಂದಿದ್ದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ.

ನಗರದ ನಾಶ ಯುದ್ಧದಿಂದಲೇ ಶುರುವಾಯಿತು. 1792ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಮುತ್ತಿಗೆಯ ಸಾಮಗ್ರಿಗಾಗಿ ಲಾಲ್‌ಬಾಗ್ ತೋಟದ ಮರಗಳನ್ನು ಕಡಿದುಹಾಕಿತು. ಆ ಸೋಲಿನಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ 30 ಲಕ್ಷ ರೂಪಾಯಿ ದಂಡವನ್ನೂ ತೆರಬೇಕಾಯಿತು. ಅವನ ಇಬ್ಬರು ಮಕ್ಕಳು ಒತ್ತೆಯಾಳುಗಳಾದರು. 1799ರ ಮೇ 4ರಂದು ಬ್ರಿಟಿಷರು ಕೋಟೆ ಒಡೆದು ಒಳನುಗ್ಗಿದರು. ಟಿಪ್ಪು ಹೋರಾಡುತ್ತಲೇ ಮಡಿದ. ಆ ರಾತ್ರಿ ಊರು ಸೂರೆಯಾಯಿತು.

ಖಾಲಿಯಾದ ಬಗೆ

ಸೋತ ರಾಜಧಾನಿಗಳೆಲ್ಲ ಪಾಳು ಬೀಳಬೇಕೆಂದೇನಿಲ್ಲ. ಶ್ರೀರಂಗಪಟ್ಟಣಕ್ಕೆ ಒಂದರ ಹಿಂದೆ ಒಂದರಂತೆ ಮೂರು ಪೆಟ್ಟುಗಳು ಬಿದ್ದವು.

ಮೊದಲ ಪೆಟ್ಟು, ರಾಜಧಾನಿಯ ಸ್ಥಾನ ಹೋದದ್ದು. 1799ರ ಜೂನ್ ಕೊನೆಗೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದ್ದು ಮೈಸೂರಿನಲ್ಲಿ. ಅರಮನೆ, ಕಚೇರಿ, ಅವುಗಳನ್ನು ನಂಬಿದ ವ್ಯಾಪಾರಿಗಳು, ಕುಶಲಕರ್ಮಿಗಳು ಎಲ್ಲರ ಮುಖ ಅತ್ತ ತಿರುಗಿತು. ಮರುವರ್ಷ ಬುಕಾನನ್ ಬರುವ ಹೊತ್ತಿಗೆ ದ್ವೀಪದಲ್ಲಿ ಉಳಿದವರು ಸುಮಾರು 32 ಸಾವಿರ ಮಂದಿ.

ಎರಡನೆಯದು ಜ್ವರ. ಗೆದ್ದ ಸೈನ್ಯ ದ್ವೀಪದಲ್ಲಿಯೇ ಠಾಣ್ಯ ಹೂಡಿತ್ತು. ಆದರೆ ಮಲೇರಿಯಾ ಸೈನಿಕರನ್ನು ಹಣ್ಣು ಮಾಡಿತು. ಸೊಳ್ಳೆಯಿಂದ ಆ ಜ್ವರ ಹರಡುತ್ತದೆಂದು ರೊನಾಲ್ಡ್ ರಾಸ್ ತೋರಿಸಿದ್ದು 1897ರಲ್ಲಿ. ಅಂದಿನವರ ಪಾಲಿಗೆ ಇದು ಜಾಗದ ದೋಷ, ಕೆಟ್ಟ ಗಾಳಿಯ ದೋಷ. ನದಿ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಮುನ್ನೂರರಷ್ಟು ಗೋರಿಗಳಿವೆ. ಯುದ್ಧಾನಂತರದ ದಶಕಗಳಲ್ಲಿ ತೀರಿಕೊಂಡ ಅಧಿಕಾರಿಗಳಷ್ಟೇ ಅಲ್ಲ, ಅವರ ಹೆಂಡಿರು ಮಕ್ಕಳೂ ಅಲ್ಲಿ ಮಲಗಿದ್ದಾರೆ.

ಮೂರನೆಯ ಪೆಟ್ಟು ಇದರ ಫಲ. ಜ್ವರಕ್ಕೆ ಹೆದರಿದ ಬ್ರಿಟಿಷರು ಎತ್ತರದ, ತಂಪು ಹವೆಯ ಬೆಂಗಳೂರನ್ನು ಆರಿಸಿಕೊಂಡರು. 1809ರಲ್ಲಿ ಹಲಸೂರಿನ ಬಳಿ ದಂಡು ಪ್ರದೇಶ ಸ್ಥಾಪನೆಯಾಯಿತು. ಕೆಂಪೇಗೌಡರ ಕಾಲದ ಪೇಟೆ ಅದಾಗಲೇ ದೊಡ್ಡ ವ್ಯಾಪಾರ ಸ್ಥಳವಾಗಿತ್ತು, ನಿಜ. ಆದರೆ ದಂಡು ಬಂದ ಮೇಲೆ ಅದರ ಪಕ್ಕದಲ್ಲೇ ಇನ್ನೊಂದು ಊರು ಬೆಳೆಯಿತು. ಬ್ಯಾರಕ್ಕು, ಚರ್ಚು, ಅಂಗಡಿ ಸಾಲು, ಹೊರಗಿನಿಂದ ಬಂದ ನೌಕರರು, ಗುತ್ತಿಗೆದಾರರು. ಬೆಂಗಳೂರಿನ ಇಂದಿನ ಸ್ವರೂಪಕ್ಕೆ ದೊಡ್ಡ ಕಾರಣಗಳಲ್ಲಿ ಈ ದಂಡೂ ಒಂದು.

ಇತ್ತ ದ್ವೀಪದಲ್ಲಿ ಉಳಿದದ್ದನ್ನೂ ಬಿಡಿಬಿಡಿಯಾಗಿ ಕಳಚಲಾಯಿತು. ರಂಗನಾಥ ದೇವಾಲಯದ ಸಮೀಪವಿದ್ದ ಟಿಪ್ಪುವಿನ ಲಾಲ್ ಮಹಲ್ ಅರಮನೆ ನೆಲಸಮವಾಯಿತು. ಲಾಲ್‌ಬಾಗ್ ಅರಮನೆಯ ತೊಲೆಗಳು ಘಾಟಿ ಹತ್ತಿ ಊಟಿ ಸೇರಿ, 1830ರ ಹೊತ್ತಿಗೆ ಸಿದ್ಧವಾದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಆಧಾರವಾದವು. 1901ರ ಜನಗಣತಿಯಲ್ಲಿ ಪಟ್ಟಣದಲ್ಲಿ ಸಿಕ್ಕ ಜನ ಕೇವಲ ಎಂಟೂವರೆ ಸಾವಿರ.

ಒಂದು ವಿನಿಮಯ

ಎರಡು ಊರುಗಳ ನಂಟನ್ನು ಎತ್ತಿ ತೋರಿಸುವ ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದರೂ ಶ್ರೀರಂಗಪಟ್ಟಣ ದ್ವೀಪವನ್ನು ಬ್ರಿಟಿಷರು ತಮ್ಮದಾಗಿಯೇ ಇಟ್ಟುಕೊಂಡಿದ್ದರು. ಅದಕ್ಕಾಗಿ ಮೈಸೂರು ಸರ್ಕಾರ ವರ್ಷಕ್ಕೆ 50 ಸಾವಿರ ರೂಪಾಯಿ ಗುತ್ತಿಗೆ ಹಣ ಕೊಡಬೇಕಿತ್ತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಆಡಳಿತ ಹಸ್ತಾಂತರಿಸುವಾಗ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರಿಗೆ ಬೇಕಾಗಿತ್ತು. ಅದನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಪ್ರತಿಯಾಗಿ ಶ್ರೀರಂಗಪಟ್ಟಣವನ್ನು ಮೈಸೂರಿಗೆ ಬಿಟ್ಟುಕೊಟ್ಟರು. ಹೀಗೆ ದಂಡು ಎದ್ದು ಹೋದ ಊರನ್ನು ಕೊಟ್ಟು, ದಂಡು ನೆಲೆನಿಂತ ಊರನ್ನು ಪಡೆದರು. ಬೆಂಗಳೂರು ದಂಡು ಮತ್ತೆ ಮೈಸೂರಿನ ಕೈಸೇರಿದ್ದು 1947ರಲ್ಲಿ.

ಶ್ರೀರಂಗಪಟ್ಟಣ ಇಂದು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಕೋಟೆಯೊಳಗೇ ರೈಲು ಹಾದಿ ಸಾಗುತ್ತದೆ. ಜೋಡಿ ಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಎತ್ತಿ ಸುಮಾರು ನೂರು ಮೀಟರ್ ಆಚೆಗೆ ಸರಿಸಲಾಯಿತು. ಒಂದು ಕಟ್ಟಡ ಹಾಗೆ ಉಳಿಯಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಪಟ್ಟಣದ ಹೊರಗಿನಿಂದಲೇ ಹಾದುಹೋಗುತ್ತದೆ. ಮೈಸೂರಿಗೆ ಧಾವಿಸುವವರಿಗೆ ಈಗ ಕೋಟೆಯ ದರ್ಶನವೂ ಆಗುವುದಿಲ್ಲ. ಬೇಕೆಂದು ತಿರುಗಿದವರಿಗಷ್ಟೇ ಊರು ಸಿಗುತ್ತದೆ.

ಹಾಗೆ ತಿರುಗಿ ಬಂದವರು ದೇವಾಲಯ, ಗುಂಬಜ್‌ಗಳ ಜೊತೆಗೆ ಲಾಲ್ ಮಹಲ್ ನಿಂತಿದ್ದ ಬರಿ ನೆಲವನ್ನೂ ನೋಡಬೇಕು. ಅಲ್ಲಿ ಉಳಿದಿರುವುದು ತಳಪಾಯ ಮಾತ್ರ. ಬೆಂಗಳೂರಿನ ಬಾಲ್ಯದ ಒಂದು ಪುಟ ಅಲ್ಲಿದೆ.